ಮೂರನೆಯ ಬೆಳಗು ಸಿಗದ ಬಾಲಚುಕ್ಕಿ

1872ರ ನವೆಂಬರ್ 30ರಂದು ಮದರಾಸಿನ ನುಂಗಂಬಾಕ್ಕಂ ವೀಕ್ಷಣಾಲಯಕ್ಕೆ ಜರ್ಮನಿಯ ಗಾಟಿಂಗೆನ್‌ನಿಂದ ಒಂದು ತಂತಿ ಬಂತು. 27ರಂದು ಬಿಯೇಲಾ ಭೂಮಿಯನ್ನು ಮುಟ್ಟಿದೆ, ಥೀಟಾ ಸೆಂಟಾರಿ ನಕ್ಷತ್ರದ ಬಳಿ ಹುಡುಕಿ. ಒಕ್ಕಣೆ ಇಷ್ಟೇ. ಕಳಿಸಿದವರು ಗಾಟಿಂಗೆನ್ ವೀಕ್ಷಣಾಲಯದ ಮುಖ್ಯಸ್ಥ ಕ್ಲಿಂಕರ್‌ಫ್ಯೂಸ್. ಕೈಗೆ ತೆಗೆದುಕೊಂಡವರು ಮದರಾಸು ಸರ್ಕಾರದ ಖಗೋಳಜ್ಞ ನಾರ್ಮನ್ ಪಾಗ್ಸನ್. ರಷ್ಯಾ ಮಾರ್ಗವಾಗಿ ಬಂದ ಆ ತಂತಿಗೆ ದಾರಿಯಲ್ಲಿ ಹಿಡಿದದ್ದು 1 ಗಂಟೆ 35 ನಿಮಿಷ. ಯುರೋಪಿನಿಂದ ಇಂಡಿಯಾಕ್ಕೆ ರಷ್ಯಾ, ಪರ್ಷಿಯಾಗಳ ಮೂಲಕ ತಂತಿ ಎಳೆದು ಆಗಿನ್ನೂ ಎರಡೇ ವರ್ಷವಾಗಿತ್ತು. ಅದಿಲ್ಲದಿದ್ದರೆ ಈ ಕತೆಯೇ ಇಲ್ಲ.

ಆ ದಿನ ನಮ್ಮ ಗಡಿಸೀಮೆಯ ರಾಯದುರ್ಗವೂ ಮಡಕಶಿರವೂ ಅದೇ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅನಂತಪುರ ಜಿಲ್ಲೆ ಹುಟ್ಟಿದ್ದು ಹತ್ತು ವರ್ಷದ ಮೇಲೆ, 1882ರಲ್ಲಿ. ಮಡಕಶಿರ ಆಗಲೇ ಅದಕ್ಕೆ ಸೇರಿತು. ರಾಯದುರ್ಗ ಮಾತ್ರ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯಲ್ಲೇ ಉಳಿದು, ಆಂಧ್ರ ರಾಜ್ಯವಾದ ದಿನ ಆದೋನಿ, ಆಲೂರುಗಳ ಜೊತೆಗೆ ಆಚೆ ಹೋಯಿತು. 2022ರಲ್ಲಿ ಮಡಕಶಿರ ಮತ್ತೆ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನೆಲದ ಗಡಿ ಹೀಗೆ ಮೂರು ಸಲ ಸರಿದರೂ ಆಕಾಶದ ಪಾಲು ಸರಿಯಲಿಲ್ಲ. ಗಾಟಿಂಗೆನ್‌ನ ಪಂಡಿತರಿಗೆ ಬೇಕಾಗಿದ್ದು ಆ ಪಾಲೇ. ಥೀಟಾ ಸೆಂಟಾರಿ, ಅಂದರೆ ನಾವು ಕಿನ್ನರ ಎನ್ನುವ ನಕ್ಷತ್ರಪುಂಜದ ಒಂದು ಚುಕ್ಕಿ, ಗಾಟಿಂಗೆನ್‌ನಲ್ಲಿ ದಿಗಂತದಿಂದ ಮೂರು ಡಿಗ್ರಿಯೂ ಮೇಲೇರುವುದಿಲ್ಲ. ಮನೆ, ಮರ, ಮಂಜು ಸೇರಿ ಅದನ್ನು ನುಂಗಿಬಿಡುತ್ತವೆ. ರಾಯದುರ್ಗದ ಕೋಟೆ ಬೆಟ್ಟದ ಮೇಲೆ ನಿಂತವರಿಗೆ ಅದೇ ಚುಕ್ಕಿ 39 ಡಿಗ್ರಿಯಷ್ಟು ಎತ್ತರಕ್ಕೆ ಬರುತ್ತದೆ. ಮದರಾಸಿನಲ್ಲಿ ಇನ್ನೆರಡು ಡಿಗ್ರಿ ಹೆಚ್ಚು. ಹುಡುಕಬೇಕಾದ ವಸ್ತು ಕಾಣುವ ಕಡೆ ದೂರದರ್ಶಕ ಇರುವ ಊರು ಯಾವುದು ಎಂದು ಯೋಚಿಸಿದಾಗ ಕ್ಲಿಂಕರ್‌ಫ್ಯೂಸ್‌ಗೆ ಹೊಳೆದದ್ದು ಮದರಾಸು.

ಹುಡುಕುತ್ತಿದ್ದುದಾದರೂ ಏನನ್ನು? ಕಳೆದುಹೋದ ಒಂದು ಬಾಲಚುಕ್ಕಿಯನ್ನು.

ಬಿಯೇಲಾ ಎನ್ನುವುದು ಒಬ್ಬ ಸೈನಿಕನ ಹೆಸರು. ಆಸ್ಟ್ರಿಯಾದ ಸೇನೆಯಲ್ಲಿದ್ದ ವಿಲ್ಹೆಲ್ಮ್ ಫಾನ್ ಬಿಯೇಲಾ 1826ರ ಫೆಬ್ರವರಿ 27ರ ರಾತ್ರಿ ಬೊಹೀಮಿಯಾದಲ್ಲಿ ಒಂದು ಮಸುಕು ಧೂಮಕೇತುವನ್ನು ಕಂಡ. ಲೆಕ್ಕ ಹಾಕಿ ನೋಡಿದರೆ 1772ರಲ್ಲಿ, 1805ರಲ್ಲಿ ಬೇರೆಯವರು ಕಂಡಿದ್ದೂ ಇದನ್ನೇ ಎಂದು ತಿಳಿಯಿತು. ಆರು ವರ್ಷ ಏಳು ತಿಂಗಳಿಗೊಮ್ಮೆ ಬಂದು ಹೋಗುವ ಗಿರಾಕಿ. 1832ರಲ್ಲಿ ಅದು ಭೂಮಿಯ ಹಾದಿಯನ್ನೇ ಅಡ್ಡ ಹಾಯುತ್ತದೆ ಎಂದು ಜರ್ಮನಿಯ ಓಲ್ಬರ್ಸ್ ಲೆಕ್ಕ ಕೊಟ್ಟಾಗ ಯುರೋಪಿನಲ್ಲಿ ಪ್ರಳಯದ ಗುಲ್ಲೆದ್ದಿತು. ಧೂಮಕೇತು ಆ ಜಾಗ ದಾಟಿ ಒಂದು ತಿಂಗಳಾದ ಮೇಲೆ ಭೂಮಿ ಅಲ್ಲಿಗೆ ಬರುತ್ತದೆ ಎನ್ನುವ ಮುಖ್ಯ ವಿಷಯವನ್ನು ಗುಲ್ಲೆಬ್ಬಿಸಿದವರು ಓದಿರಲಿಲ್ಲ. ಇಂಥ ಸುದ್ದಿಗಳ ಜಾಯಮಾನ ಇವತ್ತಿಗೂ ಬದಲಾಗಿಲ್ಲ.

ವಿಚಿತ್ರ ನಡೆದದ್ದು 1846ರ ಜನವರಿಯಲ್ಲಿ. ನೋಡುತ್ತಿದ್ದವರ ಕಣ್ಣೆದುರಿಗೇ ಬಿಯೇಲಾ ಎರಡಾಯಿತು. ಎರಡು ತಲೆ, ಎರಡು ಬಾಲ, ನಡುವೆ ಎರಡೂವರೆ ಲಕ್ಷ ಕಿಲೋಮೀಟರ್. ಒಮ್ಮೆ ಇದು ಹೆಚ್ಚು ಹೊಳೆಯುವುದು, ಇನ್ನೊಮ್ಮೆ ಅದು. 1852ರಲ್ಲಿ ಜೋಡಿಯಾಗಿಯೇ ಮರಳಿ ಬಂದಾಗ ಅವುಗಳ ನಡುವಿನ ಅಂತರ ಸುಮಾರು ಹತ್ತುಪಟ್ಟಾಗಿತ್ತು. ಅದೇ ಕೊನೆ. 1859ರಲ್ಲಿ ಸೂರ್ಯನ ಮಗ್ಗುಲಲ್ಲಿದ್ದದ್ದರಿಂದ ಕಾಣುವ ಆಸೆಯೇ ಇರಲಿಲ್ಲ. 1866ರ ಸುತ್ತಿಗೆ ಆಕಾಶ ಅನುಕೂಲವಾಗಿತ್ತು, ಬಲ್ಲವರೆಲ್ಲ ಕಾದಿದ್ದರು, ಬಿಯೇಲಾ ಬರಲಿಲ್ಲ. 1872ರ ಸುತ್ತಿಗೂ ಇಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆ ಬೇರೆಯೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಉಲ್ಕೆ ಎಂದರೇನು ಎನ್ನುವುದು ಬಹುಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಿಂಚಿನ ಹಾಗೆ ಗಾಳಿಯಲ್ಲೇ ಹುಟ್ಟುವ ಬೆಂಕಿ ಎಂದವರು ಬಹಳ. ನಮ್ಮಲ್ಲಿ ವರಾಹಮಿಹಿರನ ಬೃಹತ್ಸಂಹಿತೆ ಕೇತುಗಳಿಗೆ ಒಂದು ಅಧ್ಯಾಯ, ಉಲ್ಕೆಗಳಿಗೆ ಇನ್ನೊಂದು ಅಧ್ಯಾಯ ಕೊಟ್ಟು ಎರಡನ್ನೂ ದೂರದೂರ ಇಟ್ಟಿತ್ತು. 1866ರಲ್ಲಿ ಮಿಲಾನಿನ ಸ್ಕಿಯಪರೆಲ್ಲಿ ಪ್ರತಿ ಆಗಸ್ಟಿನಲ್ಲಿ ಸುರಿಯುವ ಪರ್ಸೀಡ್ ಉಲ್ಕೆಗಳು ಅಂತರಿಕ್ಷದಲ್ಲಿ ಸಾಗುವ ಹಾದಿಯನ್ನು ಲೆಕ್ಕ ಹಾಕಿದ. ನಾಲ್ಕು ವರ್ಷದ ಹಿಂದಷ್ಟೇ ಕಂಡಿದ್ದ ಸ್ವಿಫ್ಟ್-ಟಟಲ್ ಧೂಮಕೇತುವಿನ ಹಾದಿಯೂ ಅದೇ! ಮರುವರ್ಷವೇ ನವೆಂಬರಿನ ಲಿಯೊನಿಡ್ ಉಲ್ಕೆಗಳಿಗೆ ಟೆಂಪಲ್-ಟಟಲ್ ಧೂಮಕೇತುವಿನ ಜೋಡಿ ಸಿಕ್ಕಿತು. ಮರಳು ಲಾರಿ ಹೋದ ದಾರಿಯುದ್ದಕ್ಕೂ ಮರಳು ಉದುರಿರುವಂತೆ ಧೂಮಕೇತು ತನ್ನ ಹಾದಿಯಲ್ಲಿ ಧೂಳು, ಹರಳು ಚೆಲ್ಲುತ್ತಾ ಹೋಗುತ್ತದೆ, ವರ್ಷಕ್ಕೊಮ್ಮೆ ಭೂಮಿ ಆ ಹಾದಿಯನ್ನು ದಾಟುವಾಗ ಅದು ನಮ್ಮ ಗಾಳಿಗೆ ನುಗ್ಗಿ ಉರಿಯುತ್ತದೆ. ಸೂತ್ರ ಚೆನ್ನಾಗಿತ್ತು. ಪರೀಕ್ಷೆಗೆ ಬೇಕಾಗಿದ್ದದ್ದು ಕಣ್ಣೆದುರಿಗೆ ಪುಡಿಯಾದ ಒಂದು ಧೂಮಕೇತು.

ವಿಯೆನ್ನಾದ ಎಡ್ಮಂಡ್ ವೈಸ್ ಬಿಯೇಲಾದ ಹಳೆಯ ಹಾದಿ ಹಿಡಿದು ಲೆಕ್ಕ ಮಾಡಿದ. ಭೂಮಿ ಆ ಹಾದಿ ದಾಟುವುದು ನವೆಂಬರ್ ಕೊನೆಯಲ್ಲಿ. ಧೂಮಕೇತು ಸತ್ತಿದ್ದರೆ ಅದರ ಪುಡಿ 1872ರ ನವೆಂಬರ್ 28ರ ಸುಮಾರಿಗೆ ಸುರಿಯಬೇಕು, ದೇವಯಾನಿ ಪುಂಜದ ಕಡೆಯಿಂದ ಬರಬೇಕು ಎಂದ. ಸುರಿಯಿತು, ಒಂದು ದಿನ ಮೊದಲೇ. 27ರ ಸಂಜೆ ಯುರೋಪಿನಲ್ಲಿ ಕತ್ತಲಾಗುತ್ತಿದ್ದಂತೆ ಆಕಾಶ ಉದುರತೊಡಗಿತು. ಇಟಲಿಯ ಮೊಂಕಾಲಿಯೆರಿಯಲ್ಲಿ ಡೆಂಜಾ ಎಂಬ ಪಾದ್ರಿ ಮತ್ತು ಅವರ ಜೊತೆಯವರು, ಒಟ್ಟು ನಾಲ್ಕು ಜನ, ಆರೂವರೆ ಗಂಟೆಯಲ್ಲಿ 33,400 ಉಲ್ಕೆಗಳನ್ನು ಎಣಿಸಿದರು. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚಾಯಿತು. ಎಣಿಸಿದ ಆ ನಾಲ್ವರ ಕತ್ತಿನ ಗತಿ ಏನಾಗಿತ್ತೋ! ಈ ಉಲ್ಕೆಗಳು ನಿಧಾನವಾಗಿ ಸಾಗುವಂಥವು, ಸೆಕೆಂಡಿಗೆ ಸುಮಾರು 20 ಕಿಲೋಮೀಟರ್. ಎದುರಾಎದುರು ಬಂದು ಬಡಿಯುವ ಲಿಯೊನಿಡ್‌ಗಳ ವೇಗ ಅದರ ಮೂರೂವರೆ ಪಟ್ಟು. ಹಾಗಾಗಿ ಇವು ಗೀರು ಎಳೆದು ಮಾಯವಾಗದೆ ನೋಡುವವರಿಗೆ ಬಿಡುವು ಕೊಟ್ಟು ಬೀಳುತ್ತವೆ. ಯುರೋಪಿನಲ್ಲಿ ಸುರಿತ ಜೋರಾದಾಗ ನಮ್ಮ ಕಡೆ ನಡುರಾತ್ರಿ ಕಳೆದು ಬೆಳಗಿನ ಜಾವದತ್ತ ಹೊರಳುವ ಹೊತ್ತು.

ಕ್ಲಿಂಕರ್‌ಫ್ಯೂಸ್ ಯೋಚಿಸಿದ್ದು ಇಷ್ಟೊಂದು ಪುಡಿ ಬಿತ್ತೆಂದರೆ ಧೂಮಕೇತುವಿನ ತಲೆಯೇ ನಮ್ಮನ್ನು ಸವರಿಕೊಂಡು ಹೋಗಿರಬೇಕು ಎಂದು. ಅದು ಬಂದ ದಿಕ್ಕು ದೇವಯಾನಿ. ದಾಟಿದ ಮೇಲೆ ಅದೇ ಗೆರೆಯಲ್ಲಿ ಆಚೆಗೆ ಸಾಗುತ್ತಿರುತ್ತದೆ. ದೇವಯಾನಿಗೆ ಸರಿಯಾಗಿ ಎದುರಿನ ಆಕಾಶದಲ್ಲಿ ಏನಿದೆ? ಥೀಟಾ ಸೆಂಟಾರಿ. ಬಂದದ್ದನ್ನು ಉತ್ತರದವರು ನೋಡಿದರು, ಹೋಗುವುದನ್ನು ದಕ್ಷಿಣದವರು ನೋಡಬೇಕು. ಲೆಕ್ಕಕ್ಕಿಂತ ಧೈರ್ಯವೇ ಹೆಚ್ಚಿದ್ದ ಊಹೆ ಇದು. ಆದರೆ ಇದು ತಪ್ಪೋ ಸರಿಯೋ ಎಂದು ನೋಡಲು ಎರಡು ಗಂಟೆಯೊಳಗೆ ಇನ್ನೊಂದು ಖಂಡದವರನ್ನು ಆಕಾಶದ ಕೆಳಗೆ ನಿಲ್ಲಿಸುವ ಸೌಲಭ್ಯ ಅದಕ್ಕೆ ಹಿಂದಿನ ಯಾವ ಖಗೋಳಜ್ಞನಿಗೂ ಇರಲಿಲ್ಲ.

ಪಾಗ್ಸನ್ ಆಳು ಸಾಮಾನ್ಯನಲ್ಲ. ನಕ್ಷತ್ರಗಳ ಉಜ್ವಲತೆಯನ್ನು ಇವತ್ತಿಗೂ ನಾವು ಅಳೆಯುವುದು ಅವನು 1856ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ. ಐದು ಮೆಟ್ಟಿಲು ಇಳಿದರೆ ಬೆಳಕು ನೂರರಲ್ಲಿ ಒಂದು ಪಾಲು. 1861ರಲ್ಲಿ ಮದರಾಸಿಗೆ ಬಂದ ಕೆಲವೇ ವಾರಗಳಲ್ಲಿ ಒಂದು ಕ್ಷುದ್ರಗ್ರಹ ಹಿಡಿದು, ಏಷ್ಯಾ ಖಂಡದಿಂದ ಕಂಡ ಮೊದಲನೆಯದು ಎಂದು ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟಿದ್ದ. ಅವನ ಮೊದಲ ಸಹಾಯಕ ಚಿಂತಾಮಣಿ ರಘುನಾಥಾಚಾರಿ ಬೆಳಕು ಹೆಚ್ಚು ಕಡಿಮೆಯಾಗುವ ಒಂದು ನಕ್ಷತ್ರವನ್ನು 1867ರಲ್ಲಿ ಗುರುತಿಸಿದವರು. 1874ರ ಶುಕ್ರ ಸಂಕ್ರಮಣಕ್ಕೆ ಜನರು ಸಿದ್ಧವಾಗಲಿ ಎಂದು ಪುಸ್ತಿಕೆ ಬರೆದು ಕನ್ನಡವೂ ಸೇರಿ ನಮ್ಮ ಭಾಷೆಗಳಲ್ಲಿ ಹೊರಡಿಸಿದರು. ಪಾಗ್ಸನ್ನನ ಹೆಸರು ಹೇಳುವ ಪುಸ್ತಕಗಳು ಇವರನ್ನು ಮರೆಯುವುದು ಸರಿಯಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ತಂತಿ ತಲುಪಿದ ರಾತ್ರಿಯೇ ಪಾಗ್ಸನ್ ಕಾದು ಕುಳಿತ. ಥೀಟಾ ಸೆಂಟಾರಿ ಮೂಡುವುದು ಬೆಳಗಿನ ನಾಲ್ಕರ ಸುಮಾರಿಗೆ, ಸೂರ್ಯ ಹುಟ್ಟಲು ಇನ್ನು ಎರಡೇ ಗಂಟೆ ಇರುವಾಗ. ಅದರಲ್ಲೂ ಚುಕ್ಕಿ ಮೇಲೇರುವಷ್ಟರಲ್ಲಿ ಮೂಡಲು ಬೆಳ್ಳಗಾಗತೊಡಗುತ್ತದೆ. ಆ ಬೆಳಿಗ್ಗೆ ಮೋಡ, ಮಳೆ. ಮರುದಿನವೂ ಅದೇ. ಮದರಾಸಿಗೆ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದ ಕಾಲದಲ್ಲಿ. ಬಿಯೇಲಾ ಹುಡುಕಲು ಇದಕ್ಕಿಂತ ಕೆಟ್ಟ ಹಂಗಾಮು ಆ ಊರಿಗೆ ಇಲ್ಲ.

ಮೂರನೆಯ ಬೆಳಿಗ್ಗೆ ಮೋಡದಲ್ಲಿ ಒಂದು ಬಿರುಕು ಬಿಟ್ಟಿತು. ಐದೂಕಾಲರ ಹೊತ್ತು. ದೂರದರ್ಶಕ ತಿರುಗಿಸಿದ, ಕೂಡಲೇ ಸಿಕ್ಕಿತು. ಗುಂಡಗೆ, ಹೊಳಪಾಗಿ, ನಡುವೆ ಗಟ್ಟಿ ಬೀಜ, ಬಾಲವಿಲ್ಲ. ಬೆಳಕು ಹರಿಯುವುದರೊಳಗೆ ಪಕ್ಕದ ಹೆಸರಿಲ್ಲದ ಒಂದು ನಕ್ಷತ್ರದಿಂದ ಅದರ ದೂರವನ್ನು ನಾಲ್ಕು ಸಲ ಅಳೆಯಲು ಸಾಧ್ಯವಾಯಿತು. ಆ ಕೆಲವು ನಿಮಿಷಗಳಲ್ಲೇ ಅದು ಸರಿದಿತ್ತು. ಸರಿಯಿತೆಂದರೆ ನಕ್ಷತ್ರವಲ್ಲ, ಮಸುಕು ನೀಹಾರಿಕೆಯೂ ಅಲ್ಲ. ಮರುದಿನ ಬೆಳಿಗ್ಗೆ ಮತ್ತೆ ಕಂಡಿತು. ಈ ಸಲ ಏಳು ಅಳತೆ, ಮೊದಲಿಗಿಂತ ಉತ್ತಮವಾದವು. ಗಿಡ್ಡನೆಯ ಬಾಲವೂ ಕಾಣುತ್ತಿತ್ತು. ದಾಖಲೆಗಳಲ್ಲಿ ಈ ಎರಡು ನೋಟಗಳಿಗೆ ಡಿಸೆಂಬರ್ 2 ಮತ್ತು 3 ಎಂಬ ತಾರೀಖುಗಳಿವೆ. ಆಗಿನ ಖಗೋಳಜ್ಞರಿಗೆ ದಿನ ಶುರುವಾಗುತ್ತಿದ್ದುದು ಮಧ್ಯಾಹ್ನ ಹನ್ನೆರಡಕ್ಕೆ, ಒಂದು ರಾತ್ರಿಗೆ ಎರಡು ತಾರೀಖು ಬರದಿರಲಿ ಎಂದು. ನಮ್ಮ ಕ್ಯಾಲೆಂಡರಿನಲ್ಲಿ ಅವು 3 ಮತ್ತು 4ರ ಬೆಳಗುಗಳು.

ಆಮೇಲೆ ಮತ್ತೆ ಮೋಡ, ಮಳೆ. ಮುಗಿಯಿತು. ಪಾಗ್ಸನ್ ಕಂಡ ಬಾಲಚುಕ್ಕಿಯನ್ನು ಜಗತ್ತಿನಲ್ಲಿ ಬೇರೆ ಯಾರೂ ನೋಡಲಿಲ್ಲ.

ಇಲ್ಲೊಂದು ಲೆಕ್ಕದ ಕಟ್ಟುಪಾಡು ಅಡ್ಡ ಬಂತು. ಆಕಾಶಕಾಯವೊಂದನ್ನು ನೋಡಿದಾಗ ನಮಗೆ ಸಿಗುವುದು ದಿಕ್ಕು ಮಾತ್ರ, ದೂರವಲ್ಲ. ಸೂರ್ಯನ ಸುತ್ತ ಅದರ ಹಾದಿ ಬರೆಯಬೇಕಾದರೆ ಕಡಿಮೆಯೆಂದರೂ ಮೂರು ಬೇರೆ ಬೇರೆ ಹೊತ್ತಿನ ದಿಕ್ಕುಗಳು ಬೇಕು. ಪಾಗ್ಸನ್ ಬಳಿ ಇದ್ದದ್ದು ಎರಡು. ಎರಡರಿಂದ ಇದು ಬಿಯೇಲಾ ಹೌದು ಎಂದು ಸಾಧಿಸಲು ಬರುವುದಿಲ್ಲ. ಅಲ್ಲ ಎಂದು ತೋರಿಸಲು ಮಾತ್ರ ದಾರಿಗಳಿದ್ದವು. ಬಿಯೇಲಾದ ಎರಡು ತಲೆಗಳೂ ಉಳಿದಿದ್ದ ಪಕ್ಷದಲ್ಲಿ ಆ ಜಾಗವನ್ನು ವಾರಗಳ ಮೊದಲೇ ದಾಟಿ ಹೋಗಿರಬೇಕಿತ್ತು ಎಂದು ಹಳೆಯ ಲೆಕ್ಕಗಳೇ ಹೇಳುತ್ತಿದ್ದವು. ಉಲ್ಕೆಗಳ ಗುಂಪಿನ ಜೊತೆ ಸಾಗುವ ವಸ್ತು ಆ ಎರಡು ಬೆಳಗುಗಳಲ್ಲಿ ಇರಬೇಕಾದ ಜಾಗಕ್ಕೂ ಪಾಗ್ಸನ್ ಅಳೆದ ಜಾಗಕ್ಕೂ ಹೊಂದಿಕೆಯಾಗಲಿಲ್ಲ. ಬಿಯೇಲಾವನ್ನು ಹುಡುಕಲು ಹೋದ ಪಾಗ್ಸನ್, ಅದು ಇರಬೇಕೆಂದು ಹೇಳಿದ್ದ ಕಡೆಯೇ, ಯಾವುದೋ ಬೇರೆ ಬಾಲಚುಕ್ಕಿಯನ್ನು ಕಂಡಿದ್ದ. ಇಂದಿನ ಪಟ್ಟಿಯಲ್ಲಿ ಅದರ ಹೆಸರು ಎಕ್ಸ್/1872 ಎಕ್ಸ್1. ಮೊದಲ ಎಕ್ಸ್ ಎಂದರೆ ಹಾದಿ ಲೆಕ್ಕಕ್ಕೆ ಸಿಗದ ಧೂಮಕೇತು ಎಂದು.

ಹಾಗಿದ್ದರೆ ಸಿಕ್ಕಿದ್ದೇನು? ಪಾಗ್ಸನ್ನನದು ಬರಿಯ ಅದೃಷ್ಟದ ಎಡವಟ್ಟು ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ವಾರದ ನಿಜವಾದ ಆವಿಷ್ಕಾರ ನಡೆದದ್ದು 27ರ ರಾತ್ರಿ. ಕಾಣೆಯಾದ ಧೂಮಕೇತು ಎಲ್ಲಿ ಎಂದು ಕೇಳುತ್ತಿದ್ದವರಿಗೆ ಇಗೋ, ಉದುರುತ್ತಿದೆ ಎಂದು ಆಕಾಶವೇ ತೋರಿಸಿತು. 1885ರ ನವೆಂಬರ್ 27ರಂದು ಅಷ್ಟೇ ಜೋರಾಗಿ ಇನ್ನೊಮ್ಮೆ ಸುರಿದಾಗ ಉಳಿದಿದ್ದ ಅನುಮಾನವೂ ಹೋಯಿತು. ಮದರಾಸಿನ ಎರಡು ಬೆಳಗುಗಳು ಅದಕ್ಕೆ ಪೂರಕ ಸಾಕ್ಷ್ಯವಾಗಲಿಲ್ಲ, ನಿಜ. ಆದರೆ ಮುಂಚಿತವಾಗಿ ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ, ಮೋಡದ ಸಂದಿನಲ್ಲಿ ಒಬ್ಬ ನೋಡಿದ, ಕಂಡದ್ದನ್ನು ಅಳೆದ, ಅಳೆದದ್ದನ್ನು ಬಚ್ಚಿಡದೆ ಬರೆದ. ಅವನ ಅಳತೆ ಅಷ್ಟು ಸರಿಯಿದ್ದದ್ದರಿಂದಲೇ ಅವನ ತೀರ್ಮಾನ ತಪ್ಪು ಎಂದು ಇತರರು ತೋರಿಸಲು ಸಾಧ್ಯವಾಯಿತು.

ಹಳೆಯ ಬಳ್ಳಾರಿ ಜಿಲ್ಲೆಯವರಾಗಿ ನಮಗೆ ಒಂದು ಕೊರಗು ಇದ್ದರೆ ತಪ್ಪಲ್ಲ. ಈಶಾನ್ಯ ಮಾರುತ ಮದರಾಸನ್ನು ತೋಯಿಸುವಷ್ಟು ಈ ಸೀಮೆಯನ್ನು ತೋಯಿಸುವುದಿಲ್ಲ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನಾಡು ಇದು. ಡಿಸೆಂಬರಿನ ಬೆಳಗಿನ ಜಾವ ನಮ್ಮಲ್ಲಿ ತಣ್ಣಗೆ, ತಿಳಿಯಾಗಿರುವುದೇ ರೂಢಿ. ರಾಯದುರ್ಗದಲ್ಲೋ ಮಡಕಶಿರದಲ್ಲೋ ಆ ವಾರ ಒಂದು ಸಾಧಾರಣ ದೂರದರ್ಶಕ ಇದ್ದಿದ್ದರೆ ಮೂರನೆಯ ಬೆಳಗು ಸಿಗುವ ಅವಕಾಶ ಮದರಾಸಿಗಿಂತ ಹೆಚ್ಚಿತ್ತು. ಬರ ಕೊಡುವ ಲಾಭ ಇದೊಂದೇ, ಅದನ್ನೂ ಯಾರೂ ಪಡೆಯಲಿಲ್ಲ.

ನೋಡುವವರು ಇರಲಿಲ್ಲವೆಂದಲ್ಲ. ಈ ಸೀಮೆಯವರು ಬಾಲಚುಕ್ಕಿಯನ್ನು ದಾಖಲೆಯಲ್ಲಿ ಬರೆದುಕೊಂಡ ಸುದ್ದಿ ಈಚೆಗೆ ಹೊರಬಂತು. ಶ್ರೀಶೈಲದ ಮಲ್ಲಿಕಾರ್ಜುನ ದೇವಾಲಯದಲ್ಲಿರುವ ತಾಮ್ರಪಟಗಳಲ್ಲಿ ಒಂದನ್ನು 2025ರಲ್ಲಿ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗ, ಅಂದರೆ ಮೈಸೂರಿನಲ್ಲಿರುವ ಕಚೇರಿ, ಬೆಳಕಿಗೆ ತಂದಿತು. ವಿಜಯನಗರದ ಅರಸು ಮಲ್ಲಿಕಾರ್ಜುನ, ಶಕ 1378ರ ಆಷಾಢ ಬಹುಳ ಏಕಾದಶಿ, ಅಂದರೆ 1456ರ ಜೂನ್ 28ರ ಸೋಮವಾರ ಒಬ್ಬ ವೇದ ಪಂಡಿತನಿಗೆ ಊರೊಂದನ್ನು ದಾನ ಕೊಟ್ಟ. ಕಾರಣ, ಧೂಮಕೇತು ಕಂಡದ್ದರಿಂದ, ಉಲ್ಕೆ ಸುರಿದದ್ದರಿಂದ ಒದಗುವ ಉತ್ಪಾತಕ್ಕೆ ಶಾಂತಿ. ಆ ತಿಂಗಳು ಆಕಾಶದಲ್ಲಿದ್ದದ್ದು ಹ್ಯಾಲಿ. ಜೂನ್ 9ರ ಸುಮಾರಿಗೆ ಸೂರ್ಯನನ್ನು ಬಳಸಿ ಹೊರಟಿದ್ದ ಅದೇ ಬಾಲಚುಕ್ಕಿಯನ್ನು ಫ್ಲಾರೆನ್ಸಿನಲ್ಲಿ ಟೊಸ್ಕಾನೆಲ್ಲಿ ಎಂಬಾತ ದಿನದಿನವೂ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದ. ಪೆನುಕೊಂಡ, ಮಡಕಶಿರ, ರಾಯದುರ್ಗಗಳೆಲ್ಲ ಆಗ ವಿಜಯನಗರದ ಒಳನಾಡು. ಬಾಲಚುಕ್ಕಿಯನ್ನೂ ಉದುರುವ ಚುಕ್ಕಿಗಳನ್ನೂ ಆ ಪಟ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡರ ನಂಟು ತಿಳಿದು ಹೇಳಿದ್ದಲ್ಲ, ಎರಡೂ ಕೇಡಿನ ಗುರುತು ಎಂದು ಒಟ್ಟಿಗೆ ಸೇರಿಸಿದ್ದು. ನಂಟಿಗೆ ಪುರಾವೆ ಸಿಗಲು ಇನ್ನೂ ನಾನೂರು ವರ್ಷ ಬೇಕಾಯಿತು.

ಶಾಸನಗಳಲ್ಲಿ ಆಕಾಶ ಹುಡುಕುವ ಕೆಲಸವನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ಬಿ. ಎಸ್. ಶೈಲಜಾ ಮತ್ತು ಗೀತಾ ಕೈಡಾಳ ಬಹಳ ಶ್ರದ್ಧೆಯಿಂದ ಮಾಡಿದ್ದಾರೆ. ಕಲ್ಲಿನ ಮೇಲೆ ಬರೆದಿಟ್ಟ ಗ್ರಹಣ, ಗ್ರಹಗಳ ಕೂಟಗಳನ್ನು ಕಲೆಹಾಕಿದ ಅವರ ಪುಸ್ತಕ 2016ರಲ್ಲಿ ಬಂದಿದೆ. ಮಡಕಶಿರದ ಪಕ್ಕದ ಹೇಮಾವತಿ, ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ಸುತ್ತಮುತ್ತ ಕನ್ನಡ ಶಾಸನಗಳಿಗೆ ಬರವಿಲ್ಲ. ಆ ಕಲ್ಲುಗಳನ್ನು ಈ ಕಣ್ಣಿನಿಂದ ಓದುವ ಹುಡುಗರು ನಮ್ಮ ಗಡಿಯ ಕನ್ನಡ ಶಾಲೆಗಳಿಂದಲೇ ಬರಬೇಕು.

ಬಿಯೇಲಾದ ಉಲ್ಕೆಗಳು ಈಗ ಹೆಚ್ಚುಕಡಿಮೆ ಬತ್ತಿವೆ. ಗುರುಗ್ರಹದ ಸೆಳೆತ ಆ ಧೂಳಿನ ಹಾದಿಯನ್ನು ಭೂಮಿಯಿಂದ ಆಚೆಗೆ ಜರುಗಿಸಿತು. 2011ರ ಡಿಸೆಂಬರಿನಲ್ಲಿ ಒಮ್ಮೆ ಚಿಕ್ಕದಾಗಿ ಕಾಣಿಸಿಕೊಂಡದ್ದನ್ನು ಕೆನಡಾದ ರೇಡಾರ್ ಹಿಡಿಯಿತು. ಆದರೆ ಅದೇ ಹಂಗಾಮಿನಲ್ಲಿ, ಡಿಸೆಂಬರ್ 13, 14ರ ರಾತ್ರಿ, ಮಿಥುನದ ಕಡೆಯಿಂದ ಬರುವ ಜೆಮಿನಿಡ್‌ಗಳಿವೆ. ನಮ್ಮ ಕಡೆ ವರ್ಷದ ಅತ್ಯುತ್ತಮ ಸುರಿತ ಅದೇ. ಆಗಸ್ಟಿನ ಪರ್ಸೀಡ್‌ಗೆ ಮುಂಗಾರಿನ ಮೋಡ ಅಡ್ಡ. ಜೆಮಿನಿಡ್‌ಗಳ ಮೂಲ ಧೂಮಕೇತುವೂ ಅಲ್ಲ, 1983ರಲ್ಲಿ ಉಪಗ್ರಹವೊಂದು ಪತ್ತೆಮಾಡಿದ ಫೇಥಾನ್ ಎಂಬ ಕಲ್ಲಿನ ಕಾಯ. ಸ್ಕಿಯಪರೆಲ್ಲಿಯ ಸೂತ್ರಕ್ಕೆ ಅದೊಂದು ತಕರಾರು, ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಹ್ಯಾಲಿ ಬರುವುದು 2061ಕ್ಕೆ. ಅದರ ಪುಡಿ ಮಾತ್ರ ಪ್ರತಿವರ್ಷ ಮೇ ಮೊದಲ ವಾರದ ಬೆಳಗಿನ ಜಾವ, ಮತ್ತೆ ಅಕ್ಟೋಬರ್ 21ರ ಸುಮಾರಿಗೆ ನಮ್ಮ ಮೇಲೆ ಬೀಳುತ್ತಲೇ ಇರುತ್ತದೆ.

ಉಲ್ಕೆ ನೋಡಲು ದೂರದರ್ಶಕ ಬೇಡ, ಬೇಕಾದದ್ದು ಕತ್ತಲೆ. ರಾಯದುರ್ಗದ ಉತ್ತರ ದಿಕ್ಕು ಬಳ್ಳಾರಿಯ ಬೆಳಕಿನಿಂದ ಮಂಕಾಗಿದೆ, ಕಲ್ಯಾಣದುರ್ಗದ ಕಡೆ ಇನ್ನೂ ಚೆನ್ನಾಗಿದೆ. ರೊಳ್ಳ, ಅಗಳಿ, ಅಮರಾಪುರದ ಹೊಲಗಳಲ್ಲಿ ಹಂದಿ ಕಾಯಲು ರಾತ್ರಿ ಕಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಗರದ ವಿಜ್ಞಾನಿಗಿಂತ ಹೆಚ್ಚು ಚುಕ್ಕಿ ಬೀಳುವುದನ್ನು ಅವರು ನೋಡಿರುತ್ತಾರೆ. ಬರೆದಿಡುವುದಿಲ್ಲ, ಅಷ್ಟೇ ಕೊರತೆ. ಬರಿಗಣ್ಣಿನ ಎಣಿಕೆಯನ್ನು ಯಾರು ಕಳಿಸಿದರೂ ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆ ಸ್ವೀಕರಿಸುತ್ತದೆ. ಈ ಡಿಸೆಂಬರಿನಲ್ಲಿ ಹತ್ತು ಗಂಟೆಯ ಮೇಲೆ ಕಂಬಳಿ ಹೊದ್ದು ಹೊರಗೆ ಮಲಗಿ, ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಕೊಡಿ, ಮೊಬೈಲು ಮುಟ್ಟಬೇಡಿ. ಒಂದು ನೋಟುಪುಸ್ತಕದಲ್ಲಿ ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು, ಎಷ್ಟು ಕಂಡವು, ಯಾವ ದಿಕ್ಕಿನಿಂದ ಬಂದವು ಎಂದು ಬರೆಯಿರಿ. ಮೋಡ ಕವಿದು ಏನೂ ಕಾಣದಿದ್ದರೆ ಅದನ್ನೂ ಬರೆಯಿರಿ.